ವರ್ಚುವಲ್ ಡಿಸ್ಕುಗಳಿಗೆ ಸೀರಿಯಲ್ ನಂಬರ್ ಕೊಡದಿರುವ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ನಾಲ್ಕು ದಲಾಲಿ ಅಂಗಡಿಗಳ ಕಂಪ್ಯೂಟರ್ ಕೆಲಸ ನನ್ನದು. ಅವರ ಲೆಕ್ಕವೆಲ್ಲ ನಿಮ್ಮಿಂದ ಬಾಡಿಗೆಗೆ ಪಡೆದ ಒಂದು ವರ್ಚುವಲ್ ಮಶೀನಿನಲ್ಲಿದೆ, ಅಂದರೆ ನಿಮ್ಮ ಸರ್ವರಿನೊಳಗೆ ಸಾಫ್ಟ್‌ವೇರ್ ಸೃಷ್ಟಿಸಿದ ಕಂಪ್ಯೂಟರಿನಲ್ಲಿ. ಅದರ ಡಿಸ್ಕುಗಳೂ ಹಾಗೆಯೇ ವರ್ಚುವಲ್. ಒಂದು ಡಿಸ್ಕಿನಲ್ಲಿ ಲಿನಕ್ಸ್, ಎರಡನೆಯದರಲ್ಲಿ ಲೆಕ್ಕ, ಮೂರನೆಯದು ಬ್ಯಾಕಪ್. ಕೊನೆಯ ಎರಡೂ 100 ಜಿಬಿ.

ಕಳೆದ ವಾರ ನೀವು ರಿಪೇರಿಗೆಂದು ಮಶೀನ್ ನಿಲ್ಲಿಸಿ ಮತ್ತೆ ಶುರು ಮಾಡಿದಿರಿ. ಲಿನಕ್ಸ್ ಡಿಸ್ಕುಗಳಿಗೆ ಸಿಕ್ಕ ಸರದಿಯಂತೆ ಹೆಸರಿಡುತ್ತದೆ; ಲೆಕ್ಕದ ಡಿಸ್ಕು ವಿಡಿಬಿ, ಬ್ಯಾಕಪ್ಪಿನದು ವಿಡಿಸಿ ಆಗಿತ್ತು. ಆಮೇಲೆ ನೋಡಿದರೆ ವಿಡಿಬಿ ಹೋಗಿ ವಿಡಿಸಿ ಆಗಿದೆ, ವಿಡಿಸಿ ವಿಡಿಬಿ ಆಗಿದೆ. ನನ್ನ ಸ್ಕ್ರಿಪ್ಟ್ (ತಾನೇ ನಡೆಯುವ ಪುಟ್ಟ ಪ್ರೋಗ್ರಾಂ) ರಾತ್ರಿ ವಿಡಿಬಿಯನ್ನು ಇಡಿಯಾಗಿ ವಿಡಿಸಿಗೆ ನಕಲು ಮಾಡುತ್ತದೆ. ಅಂದು ಹಳೆಯ ಬ್ಯಾಕಪ್ಪನ್ನೇ ಅಂದಿನ ಲೆಕ್ಕದ ಮೇಲೆ ಬರೆದುಬಿಟ್ಟಿತು. ಕಾಗದದ ಪಟ್ಟಿಗಳನ್ನು ನೋಡಿ ಮತ್ತೆ ಟೈಪ್ ಮಾಡಲು ಎರಡು ರಾತ್ರಿ ಹಿಡಿಯಿತು. ಸಾಹುಕಾರರ ಬೈಗುಳ ಬೇರೆ.

ವಿಡಿಬಿ ಅಂತ ಬರೆದದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಬೇರೆ ಏನು ಬರೆಯಬೇಕಿತ್ತು? ಲಿನಕ್ಸ್ ಡಿಸ್ಕುಗಳನ್ನು ಸೀರಿಯಲ್ ನಂಬರಿನಂಥ ಗುರುತಿನಿಂದ ತೋರಿಸುವ ಬೈ-ಐಡಿ ಫೋಲ್ಡರಿನಲ್ಲಿ ಈ ಡಿಸ್ಕುಗಳ ಸುಳಿವೇ ಇಲ್ಲ, ಏಕೆಂದರೆ ನೀವು ಸೀರಿಯಲ್ ನಂಬರ್ ಕೊಟ್ಟೇ ಇಲ್ಲ. ನಿಮ್ಮ ಸಹಾಯವಾಣಿಯವರು "ಯುಯುಐಡಿ ಬಳಸಿ" ಎಂದರು. ಯುಯುಐಡಿ ಎಂಬ ಉದ್ದ ಗುರುತು ಡಿಸ್ಕಿನೊಳಗಿನ ಫೈಲ್ ಸಿಸ್ಟಮಿನದು (ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯದು) ಅಲ್ವಾ? ಇಡೀ ಡಿಸ್ಕನ್ನು ನಕಲು ಮಾಡಿದರೆ ಅದೂ ನಕಲಾಗುತ್ತದೆ. ಈಗ ನನ್ನ ಎರಡೂ ಡಿಸ್ಕಿನದು ಒಂದೇ ಯುಯುಐಡಿ!

ನಮ್ಮ ಮಾರುಕಟ್ಟೆಯಲ್ಲಿ ಒಂದೇ ಥರದ ಚೀಲಗಳು ಸಾಲಾಗಿ ನಿಂತಿರುತ್ತವೆ. "ಎಡಗಡೆಯಿಂದ ಎರಡನೆಯದು" ಅಂತ ಯಾರೂ ಬಿಲ್ ಬರೆಯುವುದಿಲ್ಲ. ಲಾಟ್ ನಂಬರ್ ಚೀಟಿ ಇರುತ್ತದೆ.

ಅಂಗಡಿಯಲ್ಲಿ ಕೊಂಡ ಹಾರ್ಡ್ ಡಿಸ್ಕಿಗೆ ಕಾರ್ಖಾನೆಯವರೇ ನಂಬರ್ ಹಾಕಿರುತ್ತಾರೆ. ವರ್ಚುವಲ್ ಡಿಸ್ಕಿಗೆ ನೀವೇ ಹಾಕಬೇಕು. ವರ್ಚುವಲ್ ಮಶೀನ್ ನಡೆಸಲು ನಿಮ್ಮಲ್ಲಿರುವುದು ಕೆವಿಎಂ, ಅದನ್ನು ನಿರ್ವಹಿಸಲು ಲಿಬ್‌ವರ್ಟ್. ಅಲ್ಲಿ ಡಿಸ್ಕಿನ ವಿವರದಲ್ಲಿ ಸೀರಿಯಲ್ ಅಂತ ಒಂದೇ ಒಂದು ಸಾಲು ಸೇರಿಸಿದರೆ ಮುಗಿಯಿತು. ನನಗೆ ಕೊಟ್ಟಿರುವಂಥ ವರ್ಟಿಯೋ ಬ್ಲಾಕ್ ಬಗೆಯ ವರ್ಚುವಲ್ ಡಿಸ್ಕಿಗೆ ಸೀರಿಯಲ್ ನಂಬರಿಗೆ ಸಿಗುವುದು 20 ಅಕ್ಷರ ಮಾತ್ರ. ಸುಮ್ನೆ 36 ಅಕ್ಷರದ ಉದ್ದ ಐಡಿ ತುರುಕಬೇಡಿ, ಬಾಲ ಕತ್ತರಿಸಿ ಹೋಗುತ್ತದೆ. ಎರಡು ಡಿಸ್ಕುಗಳ ವ್ಯತ್ಯಾಸ ಆ ಬಾಲದಲ್ಲೇ ಇದ್ದರೆ ಮತ್ತೆ ಇದೇ ಗೋಳು. ಮಶೀನ್ ಕ್ಲೋನ್ (ಇಡಿಯಾಗಿ ನಕಲು) ಮಾಡುವಾಗಲೂ ಹಳೆ ನಂಬರ್ ಒಯ್ಯದೆ ಹೊಸದು ಕೊಡಿ.

ಮೂರೂ ಡಿಸ್ಕುಗಳಿಗೆ ಬೇರೆ ಬೇರೆ ಸೀರಿಯಲ್ ನಂಬರ್ ಹಾಕಿ, ಯಾವುದಕ್ಕೆ ಯಾವುದು ಎಂದು ಲಿಖಿತವಾಗಿ ತಿಳಿಸಿ. ಈ ತಿಂಗಳ ಬಾಡಿಗೆ ಮನ್ನಾ ಮಾಡಬೇಕು. ಅಲ್ಲಿಯವರೆಗೆ ನನಗೆ ಫೋನ್ ಮಾಡದೆ ಮಶೀನ್ ಮುಟ್ಟಬೇಡಿ.

ಇಂತಿ,
ನಿಮ್ಮ ಗ್ರಾಹಕ
ಬ್ಯಾಡಗಿ, ಹಾವೇರಿ ಜಿಲ್ಲೆ