ಬೀದರ್‌ನ ಸ್ಮಾರಕಗಳಿಗೆ ವಿವರಿಸುವವರೂ ಬೇಕು: ಪ್ರವಾಸೋದ್ಯಮ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಬೀದರ್ ಕೋಟೆಯನ್ನೂ ಊರಿನ ಪಕ್ಕದ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿ ಗುಮ್ಮಟಗಳನ್ನೂ ಕಾಪಾಡುವ ಹೊಣೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯದು. ಆದರೆ ಅಲ್ಲಿಗೆ ಬಂದವರಿಗೆ ಅವುಗಳ ಹಿರಿಮೆ ತಿಳಿಯುವಂತೆ ಮಾಡುವುದರಲ್ಲಿ ತಮ್ಮ ಇಲಾಖೆಯ ಪಾಲು ದೊಡ್ಡದು. ಅದನ್ನು ಕುರಿತೇ ಈ ಪತ್ರ ಬರೆಯುತ್ತಿದ್ದೇನೆ.

ಮಹಮೂದ್ ಗವಾನನ ಮದರಸಾದ ಮುಂದೆ ನಿಂತವರಿಗೆ ಮೊದಲು ಕಾಣುವುದು ಅರ್ಧ ಕುಸಿದ ಕಟ್ಟಡ ಮತ್ತು ಒಂಟಿ ಮಿನಾರು. ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು 1472ರಲ್ಲಿ ಈ ವಿದ್ಯಾಲಯವನ್ನು ಕಟ್ಟಿಸಿದ. ಸುಳ್ಳು ಆರೋಪಕ್ಕೆ ಗುರಿಯಾಗಿ 1481ರಲ್ಲಿ ತನ್ನ ಸುಲ್ತಾನನ ಆಜ್ಞೆಯಿಂದಲೇ ಪ್ರಾಣ ತೆತ್ತ. ಮಿನಾರಿನ ಮೇಲೆ ಉಳಿದಿರುವ ಬಣ್ಣದ ಹೆಂಚುಗಳ ಅಂಕುಡೊಂಕು ಸಾಲುಗಳು ಇರಾನಿನ ಕಲೆಯನ್ನು ನಮ್ಮ ಕೆಂಪು ಮುರಕಲ್ಲಿನ ನಾಡಿಗೆ ತಂದು ನಿಲ್ಲಿಸಿವೆ ಎಂದು ಪಕ್ಕದಲ್ಲಿ ನಿಂತು ಹೇಳುವವರಿದ್ದರೆ, ನೋಡುವವರು ಖಂಡಿತ ಇನ್ನಷ್ಟು ಹೊತ್ತು ನಿಲ್ಲುತ್ತಾರೆ.

ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲನ್ನು ಕೊರೆದು ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ. ಬಿದರಿ ಕುಶಲಕರ್ಮಿಗಳು ಇಂದಿಗೂ ಸತು ಮತ್ತು ತಾಮ್ರದ ಎರಕದ ಮೇಲೆ ಬೆಳ್ಳಿಯ ತಂತಿಯನ್ನು ಕೂರಿಸಿ, ಕೋಟೆಯ ಮಣ್ಣನ್ನು ಬಳಸಿ ಲೋಹವನ್ನು ಕಪ್ಪಾಗಿಸುತ್ತಾರೆ. ಈ ಎರಡರ ಹಿಂದೆಯೂ ಒಂದೇ ಕಲಾದೃಷ್ಟಿ ಇದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಮಹಲನ್ನು ನೋಡಿದವರು ಕುಶಲಕರ್ಮಿಯ ಕೈಕೆಲಸವನ್ನೂ ಅದೇ ದಿನ ನೋಡುವಂತಾಗಬೇಕು.

ಅಷ್ಟೂರಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕಲಬುರಗಿಯಿಂದ ಬೀದರಿಗೆ ರಾಜಧಾನಿಯನ್ನು ತಂದ ಬಹಮನಿ ಸುಲ್ತಾನ ಅಹಮದ್ ಶಾ 1436ರಲ್ಲಿ ತೀರಿಕೊಂಡ. ಹೊರಗಿನಿಂದ ಸರಳವಾಗಿ ಕಾಣುವ ಅವನ ಗೋರಿಯ ಒಳಗೋಡೆಗಳ ಮೇಲೂ ಗುಮ್ಮಟದ ಒಳಮೈಯಲ್ಲೂ ಬಣ್ಣ ಮತ್ತು ಬಂಗಾರದಲ್ಲಿ ಬಳ್ಳಿ, ಹೂವು, ಅಕ್ಷರಗಳು ತುಂಬಿಕೊಂಡಿವೆ. ಇರಾನಿನ ಸೂಫಿ ಸಂತ ಶಾ ನಿಅಮತುಲ್ಲಾ ಅವರ ಪದ್ಯಗಳೂ ಅವುಗಳಲ್ಲಿ ಸೇರಿವೆ. ಇದೇ ಅಹಮದ್ ಶಾನನ್ನು ಮುಸ್ಲಿಮರು ವಲಿ, ಅಂದರೆ ಸಂತ, ಎಂದು ಗೌರವಿಸಿದರೆ, ಲಿಂಗಾಯತ ಭಕ್ತರು ಅಲ್ಲಮಪ್ರಭುವಿನ ಅವತಾರವೆಂದು ನಡೆದುಕೊಳ್ಳುತ್ತಾರೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರದೆ ಇಲ್ಲಿನ ಉರುಸು ಕಳೆಗಟ್ಟುವುದಿಲ್ಲ. ಪರ್ಷಿಯನ್ ಅಕ್ಷರಗಳ ಕೆಳಗೆ ಜಂಗಮರು ತೆಂಗಿನಕಾಯಿ ಅರ್ಪಿಸುವ ಈ ನಡಾವಳಿಯನ್ನು ಯಾವ ಸರ್ಕಾರವೂ ರೂಪಿಸಲಿಲ್ಲ; ಜನರೇ ಇಷ್ಟು ಕಾಲ ಉಳಿಸಿಕೊಂಡು ಬಂದಿದ್ದಾರೆ. ಕರ್ನಾಟಕದ ಪ್ರತಿಯೊಂದು ಮಗುವೂ ಇದನ್ನು ಕಂಡಿರಬೇಕೆಂಬುದು ನನ್ನ ಆಸೆ.

ಆದ್ದರಿಂದ ಬೀದರ್‌ನ ಯುವಕ ಯುವತಿಯರನ್ನೇ ಆಯ್ದು, ವಾಸ್ತುಶಿಲ್ಪ, ಲಿಪಿ, ಬಿದರಿ ಕಲೆಗಳಲ್ಲಿ ಆಳವಾದ ತರಬೇತಿ ಕೊಟ್ಟು, ವರ್ಷವಿಡೀ ನಿಶ್ಚಿತ ಸಂಬಳವಿರುವ ಮಾರ್ಗದರ್ಶಿಗಳನ್ನಾಗಿ ನೇಮಿಸಬೇಕೆಂದು ಕೋರುತ್ತೇನೆ. ಗಡಿ ಜಿಲ್ಲೆಯಾದ್ದರಿಂದ ಅವರು ಕನ್ನಡದ ಜೊತೆಗೆ ಉರ್ದು, ಮರಾಠಿ, ತೆಲುಗಿನಲ್ಲೂ ವಿವರಿಸುವಂತಿರಲಿ. ಶಾಲಾ ಮಕ್ಕಳ ಕರ್ನಾಟಕ ದರ್ಶನ ಪ್ರವಾಸದಲ್ಲಿ ಬೀದರಿಗೆ ಕನಿಷ್ಠ ಒಂದು ಪೂರ್ಣ ದಿನ ಮೀಸಲಿರಲಿ. ಅಷ್ಟೂರಿನ ಚಿತ್ರಗಳ ಬಣ್ಣಕ್ಕೆ ಹಾನಿಯಾಗದ ಬೆಳಕಿನ ವ್ಯವಸ್ಥೆಯ ಬಗ್ಗೆ ಪುರಾತತ್ತ್ವ ಇಲಾಖೆಯ ತಜ್ಞರೊಂದಿಗೆ ತಾವೇ ಮಾತುಕತೆ ಆರಂಭಿಸಬೇಕು; ಅವರ ಒಪ್ಪಿಗೆಯಿಲ್ಲದೆ ಅಲ್ಲಿ ಒಂದು ದೀಪವನ್ನೂ ಹಚ್ಚುವುದು ಬೇಡ. ಮುಂದಿನ ಆಯವ್ಯಯದಲ್ಲಿ ಮಾರ್ಗದರ್ಶಿಗಳ ತರಬೇತಿಗೆ ಹಣ ಒದಗಿಸುವಿರಾ ಎಂಬುದಕ್ಕೆ ತಮ್ಮಿಂದ ಸಾರ್ವಜನಿಕ ಉತ್ತರವನ್ನು ನಿರೀಕ್ಷಿಸುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,
ಬೀದರ್‌ನ ಒಬ್ಬ ನಾಗರಿಕ