ಭಾನುವಾರದ ಓದು: ಬೋರ್ ಮತ್ತು ಐನ್‌ಸ್ಟೈನ್ ಭಿನ್ನಾಭಿಪ್ರಾಯ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ನಮ್ಮ ವಿಜ್ಞಾನ ಓದು, ಎಂದಿನ ಜಾಗದಲ್ಲೇ. ಪಿಯುಸಿ ಮಕ್ಕಳು ತಪ್ಪಿಸಬೇಡಿ, ಇದು ನಿಮ್ಮ ಪಾಠಕ್ಕೇ ಸೇರಿದ ಕಥೆ.

ಎಕ್ಸ್-ರೇ ಎಲೆಕ್ಟ್ರಾನಿಗೆ ಕಣದಂತೆ ಡಿಕ್ಕಿ ಹೊಡೆಯುತ್ತದೆ ಎಂದು 1923ರಲ್ಲಿ ಭೌತವಿಜ್ಞಾನಿ ಕಾಂಪ್ಟನ್ ಹೇಳಿದರು. ಪರಮಾಣು ಮಾದರಿಯ ನೀಲ್ಸ್ ಬೋರ್‌ಗೆ ಬೆಳಕೂ ಕಣ ಎಂಬುದು ಒಪ್ಪಿಗೆಯಾಗಲಿಲ್ಲ (ಎಕ್ಸ್-ರೇ ಕೂಡ ಒಂದು ಬಗೆಯ ಬೆಳಕೇ). ಶಕ್ತಿ, ಸಂವೇಗಗಳ (momentum) ಮೊತ್ತ ಬದಲಾಗದೆ ಉಳಿಯುವುದು ಸರಾಸರಿಯಲ್ಲಿ ಮಾತ್ರ, ಒಂದೊಂದು ಡಿಕ್ಕಿಯಲ್ಲೂ ಅಲ್ಲ ಎಂದು 1924ರಲ್ಲಿ ಕ್ರಾಮರ್ಸ್, ಸ್ಲೇಟರ್ ಜೊತೆ ಬರೆದರು. ಐನ್‌ಸ್ಟೈನ್ ಒಪ್ಪಲಿಲ್ಲ.

ತೀರ್ಮಾನವಾಗಿದ್ದು ಬರ್ಲಿನ್ನಿನಲ್ಲಿ. ಬೋಥೆ ಮತ್ತು ಗೈಗರ್ ಎಂಬ ಭೌತವಿಜ್ಞಾನಿಗಳು ಎರಡು ಕೌಂಟರ್ (ಕಣ ಎಣಿಸುವ ಸಾಧನ) ಇಟ್ಟರು, ಒಂದು ಚಿಮ್ಮಿದ ಎಲೆಕ್ಟ್ರಾನಿಗೆ, ಇನ್ನೊಂದು ಚದುರಿದ ಎಕ್ಸ್-ರೇಗೆ. ಆಕಸ್ಮಿಕ ಎನ್ನಲಾಗದಷ್ಟು ಸಲ ಎರಡೂ ಒಟ್ಟಿಗೆ ಮಿಡಿದವು. ಬೋರ್ ಹೇಳಿದಂತೆ ಬರೀ ಸರಾಸರಿಯ ಮಾತಾಗಿದ್ದರೆ ಹೀಗೆ ಒಟ್ಟಿಗೆ ಮಿಡಿಯಬೇಕಿರಲಿಲ್ಲ. 1925ರಲ್ಲಿ ಬೋರ್ ವಾದ ಬಿದ್ದುಹೋಯಿತು, ಅವರೂ ಒಪ್ಪಿಕೊಂಡರು. ದಾಖಲೆಗೆ ಬಳಸಿದ ಫಿಲ್ಮ್ ಪಟ್ಟಿಗಳನ್ನು ಒಣಹಾಕಿದಾಗ ಪ್ರಯೋಗಾಲಯ ಬಟ್ಟೆ ಒಗೆಯುವ ಕಾರ್ಖಾನೆಯಂತೆ ಕಾಣುತ್ತಿತ್ತೆಂದು ಬೋಥೆ ನೆನೆದಿದ್ದಾರೆ. ನನಗೆ ಬಹಳ ಇಷ್ಟವಾದ ಚಿತ್ರ ಅದು.

ಕೇರಂ ಬೋರ್ಡ್ ಇರುವವರು ದಯವಿಟ್ಟು ತನ್ನಿ. ಸ್ಟ್ರೈಕರ್ ತಗುಲಿದಾಗ ಕಾಯಿ ಯಾವ ಕಡೆ ಹೋಗುತ್ತದೆ ಎಂದು ಮಾಡಿಯೇ ನೋಡೋಣ. ನೋಟ್‌ಬುಕ್ಕೂ ಇರಲಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ, ಬೋರ್ಡ್ ಯಾರು ತರುತ್ತೀರಿ ಎಂದೂ ತಿಳಿಸಿ.