ಆದಿತ್ಯವಾರದ ಚೆಸ್ ತರಗತಿ: ಯಾವ ಕಾಯಿ ಎಷ್ಟು ಸಲ ನಡೆದಿದೆ?

ಎಲ್ಲರಿಗೂ ನಮಸ್ಕಾರ. ಈ ಆದಿತ್ಯವಾರ ಬೆಳಿಗ್ಗೆ 10ಕ್ಕೆ ಉಡುಪಿ ತರಗತಿಗೆ ಬರುವ ಮಕ್ಕಳು ತಾವು ಆಡಿದ ಎರಡು ಆಟಗಳ ಸ್ಕೋರ್ ಶೀಟ್ (ನಡೆಗಳನ್ನು ಬರೆದಿಟ್ಟ ಹಾಳೆ) ತರಬೇಕು. ಯಾವ ಕಾಯಿ ಎಷ್ಟು ಸಲ ನಡೆದಿದೆ ಎಂದು ಮನೆಯಲ್ಲೇ ಗೆರೆ ಹಾಕಿ ಎಣಿಸಿ.

ಕಾಯಿಯ ಅಕ್ಷರವಿಲ್ಲದೆ ಬರೀ ‘ಇ4’ ಎಂದು ಚೌಕದ ಹೆಸರಷ್ಟೇ ಇದ್ದರೆ ಅದು ಕಾಲಾಳಿನ ನಡೆ. ಕ್ಯಾಸ್ಲಿಂಗ್‌ನಲ್ಲಿ ರಾಜ, ಆನೆ ಎರಡೂ ಒಟ್ಟಿಗೆ ಸರಿದರೂ ಅದು ರಾಜನ ಒಂದೇ ನಡೆ, ಆನೆಗೆ ಸೇರಿಸಬೇಡಿ. ಎರಡು ಕುದುರೆಗಳನ್ನು ಬೇರೆ ಬೇರೆ ಎಣಿಸಿ.

ಮುಖ್ಯವಾಗಿ ಮೊದಲ 10 ನಡೆ ನೋಡಿ. ಮಂತ್ರಿ ಮೂರು ಸಲ ನಡೆದು, ಬಿ1 ಚೌಕದ ಬಿಳಿ ಕುದುರೆ ಕದಲದೆ ನಿಂತಿದ್ದರೆ ಅಲ್ಲಿ ಕೆಂಪು ಗುರುತು ಹಾಕಿ. ಬೇಗ ಹೊರಬಂದ ಮಂತ್ರಿಯನ್ನು ಅಟ್ಟುತ್ತಲೇ ಎದುರಾಳಿ ತನ್ನ ಕಾಯಿಗಳನ್ನೆಲ್ಲ ಹೊರತರುತ್ತಾನೆ. ಹೆಚ್ಚಿನ ಮಕ್ಕಳು ಸೋಲುವುದು ಇಲ್ಲೇ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.